ಕೆರೆಯ ದಂಡೆಗೂ ನೀರು ಹೊತ್ತುಕೊಂಡು ಹೋದದ್ದು

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ಅಲ್ಲಿ ದೊಡ್ಡ ಕೆರೆಯೂ ಇದೆ, ಹೆಸರಾಂತ ಕುದುರೆ ಫಾರಮ್ಮೂ ಇದೆ. ಆದರೂ ಬೇಲಿಯಾಚೆಯಿಂದ ಕುದುರೆಗಳನ್ನು ನೋಡಿದ್ದು ಬಿಟ್ಟರೆ, ಜೀನಿನ ಮೇಲೆ ಕೂತದ್ದು ನಲವತ್ತು ದಾಟಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ. ಈಗ ಸ್ಯಾಕ್ರಮೆಂಟೊ ಸಮೀಪ ನೆಲೆಸಿರುವ ನಮ್ಮಲ್ಲಿ ಎರಡು ಕುದುರೆಗಳಿವೆ: ಬೀಜ ಒಡೆಸಿದ ಅರಬ್ಬಿ ತಳಿಯ ‘ಬಾದಾಮಿ’ ಮತ್ತು ನನ್ನ ಹೆಂಡತಿ ಸವಾರಿ ಮಾಡುವ ‘ಡಾಲಿ’ ಎಂಬ ಹೆಣ್ಣುಕುದುರೆ. ಇವೆರಡನ್ನೂ ಕರೆದುಕೊಂಡು ಜೂನ್ ತಿಂಗಳ ಕೊನೆಯಲ್ಲಿ ಎರಡು ರಾತ್ರಿ ಕ್ಯಾಂಪ್ ಫಾರ್ ವೆಸ್ಟ್ ಕೆರೆಯ ದಂಡೆಯಲ್ಲಿ ಬಿಡಾರ ಹೂಡಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆರೆ ಎಂದೆನಾದರೂ ಅದು ಬೇರ್ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. 1849ರಲ್ಲಿ ಅಲ್ಲಿ ಹೂಡಿದ್ದ ಸೈನ್ಯದ ಠಾಣೆಯ ಹೆಸರೇ ಇಂದಿಗೂ ಉಳಿದಿದೆ. ಸಿಯೆರಾ ನೆವಾಡಾ ಪರ್ವತಸಾಲು ಬಯಲಿಗೆ ಇಳಿಯುವ ಅಡಿಗುಡ್ಡಗಳ ಸೀಮೆ ಅದು. ಮೇ ತಿಂಗಳಿನಿಂದ ಅಕ್ಟೋಬರ್ ತನಕ ಮಳೆಯ ಹನಿ ಅಪರೂಪ, ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮಧ್ಯಾಹ್ನದ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಪಕ್ಕದಲ್ಲೇ ಕೆರೆಯಿರುವಾಗ ನೀರಿನ ಚಿಂತೆ ಏಕೆಂದು ಮೊದಲ ಸಲ ಹೊರಟವರಿಗೆ ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಹೆಂಡತಿ ಹಟ ಹಿಡಿದದ್ದರಿಂದ ಮಾತ್ರ ಮನೆಯ ನೀರನ್ನು ನೂರು ಲೀಟರಿನ ಎರಡು ಡ್ರಮ್ಮುಗಳಲ್ಲಿ ತುಂಬಿಕೊಂಡೆವು.

ಸುಮಾರು 450 ಕಿಲೋ ತೂಗುವ ಕುದುರೆ ತಂಪು ದಿನಗಳಲ್ಲಿ ಸುಮ್ಮನೆ ನಿಂತಿದ್ದರೂ 25ರಿಂದ 40 ಲೀಟರ್ ನೀರು ಕುಡಿಯುತ್ತದೆ; ಬಿಸಿಲಿನಲ್ಲಿ ದುಡಿದರೆ ಅದು ಇಮ್ಮಡಿಯಾಗಬಹುದು. ಆದರೆ ಪರಿಚಯವಿಲ್ಲದ ವಾಸನೆಯ ನೀರನ್ನು ಎಷ್ಟೋ ಕುದುರೆಗಳು ಮೂಸಿ ನೋಡಿ ಬಿಟ್ಟುಬಿಡುತ್ತವೆ. ನೀರಿಲ್ಲದೆ ಒಣಹುಲ್ಲು ಮಾತ್ರ ತಿಂದ ಕುದುರೆಗೆ ಹೊಟ್ಟೆಶೂಲೆ ಬರುವ ಅಪಾಯ ಹೆಚ್ಚು, ಮತ್ತು ಕುದುರೆಯ ಹೊಟ್ಟೆಶೂಲೆಯೆಂದರೆ ಪ್ರಾಣಕ್ಕೇ ಕುತ್ತು ತರಬಹುದಾದ ಕಾಯಿಲೆ.

ಬೆಳಿಗ್ಗೆ ನಾಲ್ಕೂವರೆಗೇ ಮನೆ ಬಿಟ್ಟೆವು, ಏಕೆಂದರೆ ಬಿಸಿಲಿನಲ್ಲಿ ನಿಂತ ಟ್ರೇಲರು ಒಳಗೆ ಒಲೆಯಂತಾಗುತ್ತದೆ. ತಲುಪಿದ ಕೂಡಲೇ ಎರಡು ಓಕ್ ಮರಗಳ ನಡುವೆ, ನನ್ನ ತಲೆಗಿಂತ ಎತ್ತರದಲ್ಲಿ, ತೊಗಟೆಗೆ ಗಾಯವಾಗದಂತೆ ಅಗಲ ಪಟ್ಟಿ ಸುತ್ತಿ ಹಗ್ಗವನ್ನು ಬಿಗಿದೆ. ಇಲ್ಲಿಯ ಸವಾರರು ಇದನ್ನು ಹೈಲೈನ್ ಎನ್ನುತ್ತಾರೆ. ಅದರಿಂದ ಇಳಿಬಿಟ್ಟ ಹಗ್ಗ ಕುದುರೆಯ ಮೂತಿ ನೆಲದ ಹುಲ್ಲಿಗೆ ಎಟಕುವಷ್ಟು ಉದ್ದವಿರಬೇಕು, ಕಾಲು ಸಿಕ್ಕಿಕೊಳ್ಳುವಷ್ಟು ಜೋಲಬಾರದು. ಪಕ್ಕದಲ್ಲೇ ಬೂದು ಬಣ್ಣದ ಪೈನ್ ಮರಗಳಿದ್ದವು. ಅವುಗಳ ನೆರಳು ಜಾಲರಿಯಂತೆ ತೆಳು, ಮೇಲಾಗಿ ಒಂದೊಂದು ಕಾಯಿಯೂ ಕಲ್ಲಿನಂತೆ ಭಾರವಾದ್ದರಿಂದ ಅವುಗಳ ಕೆಳಗೆ ಮನುಷ್ಯರೂ ಮಲಗಬಾರದು, ಕುದುರೆಗಳನ್ನೂ ಕಟ್ಟಬಾರದು. ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಮಾಡಿದ ಪೆದ್ದುತನವೆಂದರೆ, ಬೆಳಗಿನ ನೆರಳನ್ನು ನೋಡಿ ಮರಗಳ ಪಶ್ಚಿಮಕ್ಕೆ ಜಾಗ ಆರಿಸಿದ್ದು. ಮಧ್ಯಾಹ್ನ ಎರಡಕ್ಕೆಲ್ಲ ನೆರಳು ಮರ ದಾಟಿ ಪೂರ್ವಕ್ಕೆ ಹೋಗಿ, ಎರಡೂ ಕುದುರೆಗಳು ಸುಡುಬಿಸಿಲಿನಲ್ಲಿ ನಿಂತಿದ್ದವು. ಹಗ್ಗ ಬಿಚ್ಚಿ ಇನ್ನೊಂದು ಕಡೆ ಕಟ್ಟುವಷ್ಟರಲ್ಲಿ ನನಗೇ ತಲೆ ಸುತ್ತಿತು.

ಅಷ್ಟರಲ್ಲಿ ಹೆಂಡತಿ, “ಬಾದಾಮಿ ಬೆಳಿಗ್ಗೆಯಿಂದ ಅರ್ಧ ಬಕೆಟ್ಟೂ ಕುಡಿದಿಲ್ಲ ಕಣ್ರೀ,” ಎಂದಳು. ಡ್ರಮ್ಮಿನ ನೀರು ರಾತ್ರಿಗಿರಲಿ ಎಂದು ಬಕೆಟ್ಟಿಗೆ ಕೆರೆಯ ನೀರನ್ನೇ ತುಂಬಿಟ್ಟಿದ್ದವನು ನಾನು. ದಂಡೆಗೇ ಕರೆದೊಯ್ದರೆ ಕುಡಿದೀತೆಂದು ಹಗ್ಗ ಹಿಡಿದು ಇಳಿಸಿದೆ. ಬೇಸಿಗೆಯಲ್ಲಿ ಈ ಕೆರೆಯ ನೀರು ಕೆಳಗಿನ ಹೊಲಗದ್ದೆಗಳಿಗೆ ಹರಿಯುವುದರಿಂದ ದಂಡೆ ದಿನದಿನಕ್ಕೂ ಹಿಂದೆ ಸರಿಯುತ್ತದೆ, ನಡುವೆ ಕೆಸರಿನ ಪಟ್ಟಿಯೊಂದು ಉಳಿಯುತ್ತದೆ. ಮೇಲೆ ಹಪ್ಪಳದಂತೆ ಒಣಗಿ ಬಿರುಕುಬಿಟ್ಟಿದ್ದ ಆ ನೆಲವನ್ನು ಗಟ್ಟಿಯೆಂದೇ ನಂಬಿದ್ದೆ. ನಾಲ್ಕನೆಯ ಹೆಜ್ಜೆಗೆ ಬಾದಾಮಿಯ ಮುಂಗಾಲುಗಳು ಮೊಣಕಾಲಿನ ತನಕ ಹೂತುಹೋದವು. ಹಗ್ಗ ಜಗ್ಗಿದರೆ ಕುದುರೆ ಗಾಬರಿಯಾಗಿ ಇನ್ನೂ ಆಳಕ್ಕೆ ತುಳಿಯುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಹಗ್ಗ ಸಡಿಲಿಸಿ ಪಕ್ಕಕ್ಕೆ ಸರಿದೆ. ಅದು ಹಿಂಗಾಲುಗಳ ಮೇಲೆ ಭಾರ ಹಾಕಿ, ಒಮ್ಮೆ ಹೂಂಕರಿಸಿ, ತಾನಾಗಿಯೇ ಹಿಮ್ಮುಖವಾಗಿ ಎದ್ದು ಬಂತು. ಬಲ ಮುಂಗಾಲಿನ ಲಾಳ ಮಾತ್ರ ಕೆಸರಿನೊಳಗೇ ಉಳಿಯಿತು.

ನೆರಳಿಗೆ ತಂದು ಎಡ ಮುಂಗಾಲಿನ ಸಂದಿನ ಹಿಂದೆ ಸ್ಟೆತೊಸ್ಕೋಪ್ ಇಟ್ಟು ಎಣಿಸಿದಾಗ ಎದೆಬಡಿತ ನಿಮಿಷಕ್ಕೆ 72 ಇತ್ತು. ವಿಶ್ರಾಂತಿಯಲ್ಲಿರುವ ಕುದುರೆಗೆ 28ರಿಂದ 44 ಸಾಮಾನ್ಯ. ಒಸಡು ಒಣಗಿ ಅಂಟಂಟಾಗಿತ್ತು. ಕಾದ ಕುದುರೆಯ ಮೇಲೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆಂಬ ಹಳೆಯ ನಂಬಿಕೆ ಇಂದಿಗೂ ಕೆಲವರಲ್ಲಿದೆ, ಆದರೆ 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮುಂಚಿನ ಸಂಶೋಧನೆಗಳೇ ಅದನ್ನು ಅಲ್ಲಗಳೆದವು. ದೋಣಿ ಇಳಿಸುವ ಕಾಂಕ್ರೀಟಿನ ಇಳಿಜಾರಿನಿಂದ ನಾನು ಕೆರೆಯ ನೀರನ್ನು ಬಕೆಟ್ಟುಗಟ್ಟಲೆ ಹೊತ್ತು ತಂದಂತೆ ಹೆಂಡತಿ ಕುತ್ತಿಗೆ, ಎದೆ, ತೊಡೆಗಳ ಮೇಲೆ ಬಿಡದೆ ಸುರಿದಳು. ಅರ್ಧ ಗಂಟೆಯಲ್ಲಿ ಬಡಿತ 52ಕ್ಕೆ ಇಳಿಯಿತು. ಆಮೇಲೆ ಪಕ್ಕೆಗೆ ಕಿವಿಯಿಟ್ಟು ಕರುಳಿನ ಗುಡುಗುಡು ಸದ್ದು ಕೇಳಿದ ಮೇಲೆಯೇ ಸಮಾಧಾನವಾದದ್ದು. ಉಪ್ಪಿನಂಶದ ಪುಡಿಯನ್ನು ಆಗ ಕೊಡಲಿಲ್ಲ. ನೀರು ಕುಡಿಯದ ಕುದುರೆಗೆ ಅದನ್ನು ಕೊಟ್ಟರೆ ನಿರ್ಜಲತೆ ಇನ್ನೂ ಹೆಚ್ಚುತ್ತದೆ.

ಕೊನೆಗೆ ಕೈಹಿಡಿದದ್ದು ಮನೆಯ ನೀರೇ. ಸಕ್ಕರೆ ಬೀಟ್‌ರೂಟಿನ ಒಣಹಿಂಡಿಯನ್ನು ಡ್ರಮ್ಮಿನ ನೀರಿನಲ್ಲಿ ಗಂಜಿಯ ಹದಕ್ಕೆ ನೆನೆಸಿಟ್ಟರೆ ಬಾದಾಮಿ ಬಕೆಟ್ಟಿನ ತಳ ನೆಕ್ಕಿತು. ನಮ್ಮೂರ ಕಡೆ ಜಟಕಾ ಕುದುರೆಗೆ ಬೇಯಿಸಿದ ಹುರುಳಿ ಹಾಕುತ್ತಿದ್ದದ್ದು ನೆನಪಾಯಿತು; ಇಲ್ಲಿ ಹುರುಳಿ ಸಿಗುವುದು ಇಂಡಿಯನ್ ಅಂಗಡಿಯಲ್ಲಿ, ಅದು ನಮ್ಮ ಸಾರಿಗೇ ಸಾಲದು. ಮರುದಿನದಿಂದ ಮನೆಯ ನೀರಿಗೆ ಕ್ಯಾಂಪಿನ ನಲ್ಲಿಯ ನೀರನ್ನು ಕಾಲು ಭಾಗ, ಅರ್ಧ ಭಾಗ ಎಂದು ಬೆರೆಸುತ್ತ ಹೋದೆವು. ಡಾಲಿಗೆ ಇಂಥ ಮಡಿವಂತಿಕೆ ಯಾವುದೂ ಇರಲಿಲ್ಲ. ಬೇಸಿಗೆಯಲ್ಲಿ ಕೆರೆಯ ಅಂಚಿನಲ್ಲಿ ಹಸಿರು ಬಣ್ಣ ಚೆಲ್ಲಿದಂಥ ಪಾಚಿ ಕಂಡರೆ ಅದು ವಿಷವಿರಬಹುದಾದ್ದರಿಂದ, ಕುಡಿಯಲು ಒಪ್ಪುವ ಕುದುರೆಯನ್ನೂ ಅಲ್ಲಿಂದ ದೂರವಿಡಬೇಕು.

ಸವಾರಿಯನ್ನು ಬೆಳಿಗ್ಗೆ ಐದೂವರೆಯಿಂದ ಎಂಟೂವರೆಯ ತನಕ ಮಾತ್ರ ಇಟ್ಟುಕೊಂಡೆವು. ಲಾಳ ಕಳೆದುಕೊಂಡ ಕಾಲಿಗೆ ರಬ್ಬರಿನ ಗೊರಸು ಬೂಟು ಹಾಕಿದರೂ ಕಲ್ಲುದಾರಿ ಬಿಟ್ಟು ಹುಲ್ಲುಗಾವಲಿನಲ್ಲೇ ನಡೆಸಿದೆ. ದಾರಿಬದಿಯ ಹಳದಿ ಹೂವಿನ ಸ್ಟಾರ್ ಥಿಸಲ್ ಮುಳ್ಳುಗಿಡಕ್ಕೆ ಕುದುರೆಗಳು ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ಬಹಳ ದಿನ ತಿಂದರೆ ಮಿದುಳು ಕೆಟ್ಟು, ಕುದುರೆ ಮೇವು ಅಗಿಯಲಾರದಂತಾಗುತ್ತದೆ, ಅದಕ್ಕೆ ಮದ್ದಿಲ್ಲ. ಪಾಯ್ಸನ್ ಓಕ್ ಎಂಬ ಪೊದೆ ಗೇರಿನ ಕುಟುಂಬದ್ದೇ ಆದ್ದರಿಂದ, ಕುದುರೆಯ ಮೈಗೆ ಹತ್ತಿದ ಅದರ ಎಣ್ಣೆ ನಮ್ಮ ಕೈಗೆ ತಗುಲಿದರೆ ಗೇರುಸೊನೆಯಂತೆಯೇ ಚರ್ಮ ಸುಡುತ್ತದೆ. ಗಿಲಕಿಹಾವಿನ ಭಯಕ್ಕೆ ಗೇಣುದ್ದದ ಎರಡು ರಬ್ಬರ್ ಕೊಳವೆಯ ತುಂಡು ಮತ್ತು ಟೇಪನ್ನು ಜೀನಿನ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ: ಕುದುರೆ ಬಾಯಿಂದ ಉಸಿರಾಡಲಾರದು, ಮೂತಿಗೆ ಕಚ್ಚಿಸಿಕೊಂಡು ಊದಿಕೊಂಡರೆ ಹೊಳ್ಳೆ ಮುಚ್ಚಿಹೋಗುವ ಮೊದಲೇ ಕೊಳವೆ ತೂರಿಸಬೇಕು. ಇದುವರೆಗೆ ಅದನ್ನು ಬಳಸುವ ಪ್ರಸಂಗ ಬಂದಿಲ್ಲ.

ಎರಡನೆಯ ರಾತ್ರಿ ಒಂಬತ್ತರ ಹೊತ್ತಿಗೆ ಗಾಳಿ ತಂಪಾಯಿತು. ಕಾಡುಗಿಚ್ಚಿನ ಭಯದಿಂದ ಬೆಂಕಿ ಹಾಕುವಂತಿರಲಿಲ್ಲ. ಮನೆಯಿಂದ ತಂದ ಚಿತ್ರಾನ್ನವನ್ನು ಕತ್ತಲಲ್ಲೇ ತಿನ್ನುತ್ತಿದ್ದಾಗ ಬಾದಾಮಿ ಅರ್ಧಕ್ಕರ್ಧ ಬೆರೆಸಿದ ನೀರಿನ ಬಕೆಟ್ಟಿಗೆ ಮೂತಿಯಿಟ್ಟ ಸದ್ದು ಕೇಳಿಸಿತು. ಹೆಂಡತಿ ತುತ್ತು ನಿಲ್ಲಿಸಿ ಗುಟುಕು ಎಣಿಸತೊಡಗಿದಳು. ಮೂವತ್ತೆಂಟರ ಮೇಲೆ ಲೆಕ್ಕ ತಪ್ಪಿತು.