ಯೂತ್ ಬೈಬಲ್ ಸ್ಟಡಿಯಲ್ಲಿ ಸಲಿಂಗ ಸಂಬಂಧದ ವಚನಗಳನ್ನು ಓದಿದ ಬಗೆ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಸಭೆಯ ಯೂತ್ ಬೈಬಲ್ ಸ್ಟಡಿ ನಡೆಸುವುದು ನಾನು. ಬೆಂಗಳೂರಿನಲ್ಲಿ ಓದುವ ಹುಡುಗರು ರಜೆಗೆ ಬಂದಾಗ ಕೇಳುತ್ತಿದ್ದರು, "ಅಕ್ಕಾ, ಗೇ ಆಗಿರೋದು ಪಾಪನಾ?" 2018ರ ಸೆಪ್ಟೆಂಬರ್‌ನಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇದು ಜಾಸ್ತಿಯಾಯಿತು. ಅಪರಾಧ ಅಲ್ಲ ಅಂತ ಕೋರ್ಟ್ ಹೇಳಿತು. ಪಾಪದ ವಿಷಯ ಕೋರ್ಟಿನ ಕೆಲಸ ಅಲ್ವಲ್ಲ! ಸರಿ, ವಚನಗಳನ್ನೇ ಓದೋಣ ಅಂದೆ.

ಮೊದಲೇ ಕೆಲವು ನಿಯಮ ಹಾಕಿಕೊಂಡೆವು. ಒಂದೇ ವಚನ ಕಿತ್ತು ಓದಬಾರದು, ಅಧ್ಯಾಯ ಪೂರ್ತಿ ಓದಬೇಕು. ನಾವು ಒಪ್ಪದ ವಾದವನ್ನೂ ಆ ಕಡೆಯವರು ತಲೆಯಾಡಿಸುವ ಹಾಗೆ ಹೇಳಬೇಕು. "ನೀನ್ಯಾಕೆ ಇದನ್ನು ಕೇಳ್ತೀಯ?" ಅಂತ ಯಾರನ್ನೂ ಕೇಳಕೂಡದು. ಸಣ್ಣ ಊರು, ಮಾತು ಬೇಗ ಹಬ್ಬುತ್ತದೆ.

ಆದಿಕಾಂಡ 19 ಬೇಗ ಮುಗಿಯಿತು. ಸೊದೋಮ್ ಊರಿನ ಗಂಡಸರು ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ಹೊರಟ ಕಥೆ ಅದು. ಯೆಹೆಜ್ಕೇಲ 16:49 ಸೊದೋಮಿನ ದೋಷ ಅಂತ ಹೇಳುವುದು ಸೊಕ್ಕನ್ನು, ಉಂಡುಟ್ಟು ಸುಖವಾಗಿದ್ದೂ ಬಡವರಿಗೆ ಕೈ ನೀಡದ್ದನ್ನು. ಯೂದನ ಪತ್ರಿಕೆ 7ನೇ ವಚನದಲ್ಲಿ ಲೈಂಗಿಕ ಪಾಪದ ಮಾತೂ ಇದೆ, ಅದನ್ನೂ ಓದಿದೆವು. ಆದರೂ ಒಪ್ಪಿ ಕೂಡಿ ಬಾಳುವ ಇಬ್ಬರ ಬಗ್ಗೆ ತೀರ್ಮಾನಿಸಲು ಈ ಕಥೆ ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಗಂಡಸು ಗಂಡಸಿನ ಜೊತೆ ಮಲಗಬಾರದು ಅನ್ನುವ ಯಾಜಕಕಾಂಡ 18:22ಕ್ಕೆ ಬಂದಾಗ ಒಬ್ಬ ಹುಡುಗ, "ಅದೇ ಪುಸ್ತಕದ 11:7ರಲ್ಲಿ ಹಂದಿ ತಿನ್ನಬೇಡ ಅಂತಿದೆ. ಪಂದಿ ಕರಿ ಏನು ಮಾಡೋಣ?" ಅಂದ. ಎಲ್ಲರೂ ನಕ್ಕರು. ಕಾಚಂಪುಳಿ ಹಾಕಿದ ಪಂದಿ ಕರಿ ನಮ್ಮ ಮನೆಗಳಲ್ಲಿ ಕ್ರಿಸ್‌ಮಸ್ ಊಟ. ಸಭೆಯ ಹಿರಿಯರಾದ ನಿವೃತ್ತ ಮೇಷ್ಟ್ರು ನಗಲಿಲ್ಲ. "ಅಪೊಸ್ತಲರ ಕೃತ್ಯಗಳು 10 ಓದಮ್ಮ, ಆಹಾರದ ಕಟ್ಟು ಅಲ್ಲಿ ಬಿದ್ದುಹೋಯಿತು. ಆದರೆ 15:20ರಲ್ಲಿ ಹಾದರದಿಂದ ದೂರವಿರಿ ಅನ್ನುವುದು ಉಳಿಯಿತು." ಒಬ್ಬಳು ಪುಟ ತಿರುಗಿಸಿ, "ಮೇಷ್ಟ್ರೇ, ಅದೇ ವಚನದಲ್ಲಿ ರಕ್ತವನ್ನೂ ಬಿಡಿ ಅಂತಿದೆ. ನಾವು ಬಿಟ್ಟಿದ್ದೀವಾ?" ಅಂದಳು. ಯಾವ ಮನುಷ್ಯನನ್ನೂ ಅಶುದ್ಧ ಅನ್ನಬಾರದೆಂದು ದೇವರು ತೋರಿಸಿದ ಅಂತ ಪೇತ್ರನೇ 10:28ರಲ್ಲಿ ಹೇಳುತ್ತಾನೆ ಅಂತಲೂ ಸೇರಿಸಿದಳು. ಹಂದಿಯ ವಾದ ಕೇಳಲು ಚೆನ್ನ, ಅದೊಂದರಿಂದಲೇ ಯಾರೂ ಗೆಲ್ಲಲಾರರು.

ಜಾಸ್ತಿ ಹೊತ್ತು ಹಿಡಿದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 1ನೇ ಅಧ್ಯಾಯ. ಎಲ್ಲರೂ ಎತ್ತುವುದು ಸಲಿಂಗ ಮೋಹವನ್ನು ಖಂಡಿಸುವ 26, 27ನೇ ವಚನಗಳನ್ನು. ನಾವು 18ರಿಂದ ಓದಿದೆವು. ದೇವರನ್ನು ಬಿಟ್ಟು ವಿಗ್ರಹಗಳ ಹಿಂದೆ ಹೋದವರ ಬಗ್ಗೆ ಪೌಲ ಅಲ್ಲಿ ಮಾತಾಡುತ್ತಿದ್ದಾನೆ. ಅವನ ಕಣ್ಣ ಮುಂದಿದ್ದದ್ದು ಗುಲಾಮರನ್ನೂ ಹುಡುಗರನ್ನೂ ಬಳಸಿಕೊಳ್ಳುತ್ತಿದ್ದ ರೋಮಿನ ಯಜಮಾನರು, ಸಮಾನರಾದ ಇಬ್ಬರ ನಿಷ್ಠೆಯ ಬಾಳು ಅವನ ಲೆಕ್ಕದಲ್ಲಿರಲಿಲ್ಲ ಅಂತ ಕೆಲವು ಪಂಡಿತರು ಓದುತ್ತಾರೆ. ಮೇಷ್ಟ್ರು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ಹೆಂಗಸರ ಮಾತೂ ಇದೆ. ಒಬ್ಬರಿಗೊಬ್ಬರು ಮೋಹಗೊಂಡರು ಅಂತಿದೆ. ಬಲವಂತ ಎಲ್ಲಿದೆ ತೋರಿಸಿ?" ಪೌಲ ಸೃಷ್ಟಿಯ ಕ್ರಮವನ್ನೇ ಎತ್ತಿದ್ದಾನೆ ಅನ್ನುವುದು ಅವರ ಪಟ್ಟು. ಗಟ್ಟಿ ವಾದ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮುಂದಕ್ಕೆ 2:1 ಓದಿದಾಗ ಮಾತ್ರ ಎರಡೂ ಕಡೆಯವರಿಗೆ ಬಿಸಿ ತಟ್ಟಿತು. ತೀರ್ಪು ಮಾಡುವ ನಿನಗೂ ನೆಪವಿಲ್ಲ ಅಂತ ಪೌಲ ಅಲ್ಲಿ ಓದುಗನ ಕಡೆಗೇ ತಿರುಗುತ್ತಾನೆ.

ಮತ್ತಾಯ 19ರಲ್ಲೂ ಹಾಗೇ. 4ರಿಂದ 6ರಲ್ಲಿ ಗಂಡು-ಹೆಣ್ಣು ಒಂದೇ ಶರೀರ ಅನ್ನುವುದು ಮೇಷ್ಟ್ರ ಆಧಾರ. 12ರಲ್ಲಿ ಹುಟ್ಟಿನಿಂದಲೇ ನಪುಂಸಕರಾದವರ ಮಾತು ಬರುತ್ತದೆ. ಎಲ್ಲರೂ ಮದುವೆಯ ಅಚ್ಚಿಗೆ ಹೊಂದುವುದಿಲ್ಲ ಅಂತ ಯೇಸುವಿಗೂ ಗೊತ್ತಿತ್ತು ಅಂದರು ಹುಡುಗರು.

ವಿರಾಜಪೇಟೆಯಿಂದ ಬರುವ ಕ್ಯಾಥೊಲಿಕ್ ಹುಡುಗಿ ತಮ್ಮ ಧರ್ಮೋಪದೇಶ ಗ್ರಂಥ ತಂದಿದ್ದಳು. ಅದು ಸಲಿಂಗ ಕೂಡಿಕೆಯನ್ನು ಒಪ್ಪುವುದಿಲ್ಲ, ಆದರೆ ಆ ಜನರನ್ನು ಗೌರವದಿಂದ, ಕನಿಕರದಿಂದ ಸ್ವೀಕರಿಸಬೇಕು ಅನ್ನುತ್ತದೆ. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಅಂಥ ಜೋಡಿಗಳಿಗೆ ಪಾದ್ರಿಗಳು ಆಶೀರ್ವಾದ ಮಾಡಬಹುದು ಅಂದಿತು, ಮದುವೆ ಅಂತ ಅಲ್ಲ.

ನನ್ನ ಮನಸ್ಸು ಹುಡುಗರ ಓದಿನ ಕಡೆ ವಾಲಿದೆ. ಮೇಷ್ಟ್ರದ್ದು ವಾಲಿಲ್ಲ, ವಾಲುವುದೂ ಇಲ್ಲ. ಇದೇ ವಿಷಯಕ್ಕೆ ಎತ್ತುವ 1 ಕೊರಿಂಥ 6 ಇನ್ನೂ ಬಾಕಿ ಇದೆ. ಅದನ್ನು ಮೇಷ್ಟ್ರೇ ನಡೆಸಿಕೊಡುತ್ತಾರಂತೆ, ಹುಡುಗರ ಕಡೆಯ ವಾದವನ್ನೂ ಅವರೇ ಹೇಳಬೇಕು ಅನ್ನುವ ಷರತ್ತಿನ ಮೇಲೆ.