ಹೋರಿಯ ಹಿಂದೆ ಹೊರಟ ಕಾದಂಬರಿ

‘ಕನ್ನಡದಲ್ಲಿ ಫ್ಯಾಂಟಸಿ ಓಡಲ್ಲ ಕಣ್ರೀ, ಮಕ್ಕಳ ಕಥೆ ಅಂದ್ಕೋತಾರೆ’ ಅಂತ ಹಾಸನದ ಪ್ರಕಾಶಕರೊಬ್ಬರು ಹಸ್ತಪ್ರತಿ ವಾಪಸ್ ಕೊಟ್ಟರು. ಆ ಮೊದಲ ಕಾದಂಬರಿಗೆ ಅದೇ ಸರಿ ಬಿಡಿ. ಕಡೂರಿನ ಬಿಸಿಲಲ್ಲಿ ಕೂತು ಹಿಮದ ಕೋಟೆ, ಡ್ರ್ಯಾಗನ್ ಬರೆದಿದ್ದೆ. ಹಟಕ್ಕೆ ಬಿದ್ದು 300 ಪ್ರತಿ ನಾನೇ ಅಚ್ಚು ಹಾಕಿಸಿದೆ. ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ದುಡ್ಡು, 35 ಸಾವಿರದ ಹತ್ತಿರ, ಹೋಯ್ತು. ಖರ್ಚಾಗಿದ್ದು 40–50 ಪ್ರತಿ. ಉಳಿದ ಕಟ್ಟು ಅಟ್ಟದಲ್ಲಿತ್ತು. ಇಲಿಗಳು ಪಕ್ಕದ ಕೊಬ್ಬರಿ ಬಿಟ್ಟು ಪುಸ್ತಕ ಕಡಿದಿದ್ದವು. ‘ಅಂತೂ ಓದುಗರು ಸಿಕ್ಕರು’ ಅಂದಳು ಮನೆಯವಳು.

ಎರಡನೇ ಸಲ ಪಾಂಡವರನ್ನೇ ತಂದೆ. ಅದೂ ನೆಲಕಚ್ಚಿತು. ಅರ್ಜುನ ಸತ್ತರೂ ಎದ್ದು ಬರ್ತಾನೆ ಅಂತ ಎಲ್ಲರಿಗೂ ಗೊತ್ತು, ಇನ್ನು ಭಯ ಎಲ್ಲಿಂದ ಹುಟ್ಟಬೇಕು?

ದಾರಿ ಸಿಕ್ಕಿದ್ದು ದೇವನೂರಲ್ಲಿ, ಲಕ್ಷ್ಮೀಶನ ಊರಲ್ಲಿ. ಅವನ ಜೈಮಿನಿ ಭಾರತದ ಗಮಕ ವಾಚನ ನಡೀತಿತ್ತು, ಪಾಂಡವರ ಅಶ್ವಮೇಧದ ಕಥೆ. ಯಾಗದ ಕುದುರೆ ಒಂದು ಕೊಳಕ್ಕಿಳಿದು ಹೆಣ್ಣಾಗುತ್ತೆ, ಇನ್ನೊಂದು ಕೊಳದಲ್ಲಿ ಹುಲಿಯಾಗುತ್ತೆ. ಮತ್ತೊಂದು ಕಡೆ ಬಂಡೆಗೇ ಅಂಟಿಕೊಳ್ಳುತ್ತೆ. ಆ ಬಂಡೆ ಶಾಪ ತಗುಲಿದ ಚಂಡಿ. ಪಕ್ಕದಲ್ಲಿದ್ದ ಅಜ್ಜ ಮೊಣಕೈಲಿ ತಿವಿದು, ‘ಕುದ್ರೆಗೆ ಬುದ್ಧಿ ಇದ್ದಿದ್ರೆ ಕಥೆ ಎಲ್ಲಿತ್ತಪ್ಪಾ?’ ಅಂದ.

ಮನೆಗೆ ಬಂದವನೇ ಪಾಂಡವರನ್ನೆಲ್ಲ ಹೊಡೆದು ಹಾಕಿದೆ. ಕುದುರೆಯ ಜಾಗಕ್ಕೆ ಹಗ್ಗ ಹರಿದ ಅಮೃತಮಹಲ್ ಹೋರಿ ಬಂತು. ಅದು ನುಗ್ಗಿದ ಸೀಮೆಗೆಲ್ಲ ಅದರ ಹಿಂದೆ ಹೊರಟ ನನ್ನ ಕಥಾನಾಯಕಿ, ಒಬ್ಬ ಹುಡುಗಿ, ನುಗ್ಗಲೇಬೇಕು. ಟೋಲ್ಕಿನ್ ಮೇಷ್ಟ್ರು ಮಾಡಿದ್ದೂ ಇದನ್ನೇ. ಬೇವುಲ್ಫ್ ಅನ್ನೋ ಹಳೇ ಇಂಗ್ಲಿಷ್ ವೀರಕಾವ್ಯದಲ್ಲಿ ಡ್ರ್ಯಾಗನ್ನಿನ ನಿಧಿಯಿಂದ ಬಟ್ಟಲು ಕದಿಯೋ ಪ್ರಸಂಗವನ್ನು 1937ರ ತಮ್ಮ ಫ್ಯಾಂಟಸಿ ಕಾದಂಬರಿ ‘ಹಾಬಿಟ್’ಗೆ ಎತ್ತಿಕೊಂಡರು, ವೀರನನ್ನು ಅಲ್ಲೇ ಬಿಟ್ಟರು.

ನಡುವೆ ಒಂದು ಹುಚ್ಚು ಹತ್ತಿತ್ತು. ಯುದ್ಧದ ಅಧ್ಯಾಯವನ್ನು ಲಕ್ಷ್ಮೀಶನ ಛಂದಸ್ಸಾದ ವಾರ್ಧಕ ಷಟ್ಪದಿಯ ಐದು ಮಾತ್ರೆ ನಡೆಯಲ್ಲೇ ಗದ್ಯ ಮಾಡಿದೆ. ಎರಡು ತಿಂಗಳು ಹಾಳು. ಗೆಳೆಯ ಓದಿ ‘ನಾಟಕಕ್ಕೆ ಬರ್ದಿದ್ದೇನೋ?’ ಅಂದ. ಮಾಟಗಾತಿಯ ಮಾತಿಗೆ ಮಾತ್ರ ಉಳಿಸಿಕೊಂಡೆ. ಅಲ್ಲಿ ಹೇಗೆ ಕೂತಿದೆ ಅಂದ್ರೆ, ಓದಿದವರು ಗೊತ್ತಿಲ್ಲದೇ ರಾಗ ಎಳೀತಾರೆ. ಪಾತ್ರಗಳ ಹೆಸರು ಎಲ್ಲಿಂದ ತಂದೆ ಅಂತ ಮಾತ್ರ ಕೇಳಬೇಡಿ, ಎರಡನೇ ಭಾಗ ಬಾಕಿ ಇದೆ.

ಈ ಹೋರಿ ಕಾದಂಬರಿಯ 500 ಪ್ರತಿ ಅಚ್ಚಿಗೆ 60 ಸಾವಿರ ಚಿಲ್ಲರೆ ಬಿತ್ತು. ಎಂಟು ತಿಂಗಳಲ್ಲಿ ಖಾಲಿ. ಮೊನ್ನೆ ಅದೇ ಪ್ರಕಾಶಕರು ಫೋನ್ ಮಾಡಿ ‘ಮುಂದಿನದು ನಮಗೇ ಕೊಡಿ’ ಅಂದರು. ಮುಂಗಡ ಎಷ್ಟು ಕೊಡ್ತೀರಿ ಸಾರ್ ಅಂದೆ. ನೆಟ್‌ವರ್ಕ್ ಇಲ್ಲ ಅಂದು ಇಟ್ಟರು.