ಕಲಾ ವಿದ್ಯಾರ್ಥಿಗಳಿಗೆ ಮೌಲ್ಯದ ಪಾಠ: ನುಗ್ಗೇಹಳ್ಳಿಯಿಂದ ಶುರುಮಾಡಿ

ಚೀನಾದ ಕಲಾ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಜೀವನದೃಷ್ಟಿ ರೂಪಿಸುವುದೂ ಪಾಠದ ಭಾಗವೇ. ಅದಕ್ಕೆಂದೇ ರಾಜಕೀಯ ತರಗತಿಗಳಿದ್ದರೂ ಸಾಲದೆಂದು, ಪ್ರತಿ ವಿಷಯದ ಪಾಠದೊಳಗೇ ಮೌಲ್ಯ ಬೆರೆಸುವಂತೆ ಅಲ್ಲಿನ ಶಿಕ್ಷಣ ಸಚಿವಾಲಯ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಅಲ್ಲಿ ಉತ್ತರ ಮೊದಲೇ ನಿಗದಿಯಾಗಿರುತ್ತದೆ. ಅದು ನಮಗೆ ಬೇಡ. ಮೌಲ್ಯವನ್ನು ಭಾಷಣದಿಂದ ಬಿಡಿಸಿ ಕೆಲಸದೊಳಗೆ ಇಡುವ ಕ್ರಮವನ್ನಷ್ಟೇ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಕಾಲೇಜಿಗೆ ಅದಕ್ಕೆ ಬೇಕಾದ ಹೊಯ್ಸಳರ ಗುಡಿಗಳು ಬಸ್ಸಿನ ದೂರದಲ್ಲೇ ಇವೆ.

ಆರು ವಾರ ಇಟ್ಟುಕೊಳ್ಳಿ. 24 ಮಕ್ಕಳಿದ್ದರೆ ನಾಲ್ವರಂತೆ ಆರು ಗುಂಪು. ತಲೆಗೆ ಎ3 ಕಾರ್ಟ್ರಿಜ್ ಹಾಳೆ ಹತ್ತು, 2ಬಿ ಮತ್ತು 6ಬಿ ಪೆನ್ಸಿಲ್, ಕ್ಲಿಪ್ ಬೋರ್ಡು. ಕಲ್ಲಿನ ಮೇಲೆ ಹಾಳೆಯಿಟ್ಟು ಉಜ್ಜಿ ಅಚ್ಚು ತೆಗೆಯುವುದು ಬೇಡವೆಂದು ಹೊರಡುವ ಮೊದಲೇ ಹೇಳಿ. ಹೊಯ್ಸಳರ ಬಳಪದ ಕಲ್ಲು ಮೆದು, ಬೇಗ ಗೀರು ಬೀಳುತ್ತದೆ.

ಮೊದಲ ಭೇಟಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿ 1246ರದ್ದು. ದಕ್ಷಿಣ ಬದಿಯ ಶಿಲ್ಪಗಳು ಶಿಲ್ಪಿ ಬೈಚೋಜನವು, ಉತ್ತರದವು ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನವು. ಇದನ್ನು ಮಕ್ಕಳಿಗೆ ಹೇಳಬೇಡಿ. ಮೂರು ಗುಂಪನ್ನು ಆ ಬದಿ, ಮೂರನ್ನು ಈ ಬದಿ ಕೂರಿಸಿ, ಒಂದೊಂದೇ ಮೂರ್ತಿಯನ್ನು 90 ನಿಮಿಷ ಬರೆಸಿ. ಆಮೇಲೆ ಹಾಳೆಗಳನ್ನು ನೆಲದ ಮೇಲೆ ಎದುರುಬದುರು ಹರಡಿ ಒಂದೇ ಪ್ರಶ್ನೆ ಕೇಳಿ: ಇದು ಒಂದೇ ಕೈಯೋ, ಎರಡೋ? ಕಿರೀಟದ ಕುಸುರಿ, ಮೊಣಕಾಲಿನ ಬಾಗು, ಬೆರಳುಗಳ ಉದ್ದ ತೋರಿಸಿಯೇ ವಾದ ಮಾಡಬೇಕು. ಹೆಸರು ಹೇಳುವುದು ವಾದ ಮುಗಿದ ಮೇಲೆ. ಕೆಲಸಕ್ಕೆ ಹೆಸರು ಯಾರದಾಗಬೇಕು, ನಕಲು ಎಲ್ಲಿ ಶುರುವಾಗುತ್ತದೆ ಎಂಬ ಚರ್ಚೆಯನ್ನು ನೀವು ಎತ್ತಬೇಕಿಲ್ಲ, ಅವರೇ ಎತ್ತುತ್ತಾರೆ. ಇಲ್ಲಿ ಕೆಡುವುದು ಎರಡು ಕಡೆ. ಮೇಷ್ಟ್ರು ಮೊದಲು ಬಾಯಿ ಬಿಟ್ಟರೆ ಮಕ್ಕಳು ಕಲ್ಲು ಬಿಟ್ಟು ಮೇಷ್ಟ್ರ ಮುಖ ನೋಡುತ್ತಾರೆ. ಮೊಬೈಲ್ ಫೋಟೊ ನೋಡಿ ಬರೆದರೆ ಉಬ್ಬಿನ ಆಳ ಸಿಗದು, ಎರಡು ಕೈಯ ವ್ಯತ್ಯಾಸ ಅಳಿಸಿಹೋಗುತ್ತದೆ.

ಮೂರನೇ ವಾರ ಹಳೇಬೀಡು. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಹಿಂಬದಿಯ ಪಶ್ಚಿಮ ಗೋಡೆಗೆ ಮಧ್ಯಾಹ್ನದ ನಂತರವೇ ಬಿಸಿಲು. ಬೆಳಿಗ್ಗೆ ಹತ್ತಿರದ ಬಸದಿಹಳ್ಳಿಯ ಬಸದಿಗಳನ್ನು ನೋಡಿಸಿ. ಶೈವ ಗುಡಿಯೂ ಜೈನ ಬಸದಿಯೂ ಇಷ್ಟು ಹತ್ತಿರ ಹೇಗೆ ಬಂದವೆಂದು ಒಂದು ಪುಟ ಬರೆಸಿ, ಸಾಕು.

ಗಟ್ಟಿ ಕೆಲಸ ನಾಲ್ಕನೇ ವಾರದ್ದು. ಪ್ರತಿ ಗುಂಪಿಗೂ ಈ ಕಾಲ್ಪನಿಕ ಬೇಡಿಕೆ ಕೊಡಿ: ಊರ ದೇವಸ್ಥಾನ ಸಮಿತಿಯವರು ಹಳೆಯ ಕಲ್ಲುಕಂಬಗಳಿಗೆ ಬಂಗಾರದ ಬಣ್ಣದ ಎನಾಮಲ್ ಹೊಡೆಯಲು ಕರೆದಿದ್ದಾರೆ, ಕೂಲಿ 15,000 ರೂಪಾಯಿ, ಜಾತ್ರೆಗೆ ಹನ್ನೆರಡೇ ದಿನ. ಗುಂಪು ಕೊಟೇಶನ್ ಬರೆದುಕೊಡಬೇಕು. ಎನಾಮಲ್ ಪದರ ಕಲ್ಲಿನೊಳಗಿನ ತೇವವನ್ನು ಹೊರಬಿಡದೆ ತಡೆಯುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಬಣ್ಣದ ಜೊತೆ ಕಲ್ಲಿನ ಮೈಯೂ ಚಕ್ಕೆ ಏಳುತ್ತದೆ. ಇದನ್ನು ತಿಳಿಸಿ ಸುಮ್ಮನಿರಿ. ಬರೀ ‘ಆಗೋದಿಲ್ಲ’ ಎಂದು ಬರೆದ ಗುಂಪಿಗೆ ಹಾಳೆ ವಾಪಸ್ಸು ಕೊಡಿ. ಬದಲಿಗೆ ಏನು ಮಾಡಿಕೊಡುತ್ತೀರಿ, ಅದಕ್ಕೆಷ್ಟು ಖರ್ಚು, ಸಮಿತಿಯ ಯಜಮಾನರಿಗೆ ಅದನ್ನು ಯಾವ ಮಾತಿನಲ್ಲಿ ಒಪ್ಪಿಸುತ್ತೀರಿ ಎಂಬುದು ಬೇಕು. ಕಳಚಿ ತೆಗೆಯಬಹುದಾದ ಬಟ್ಟೆಯ ಅಲಂಕಾರ, ಮರದ ಚೌಕಟ್ಟಿನ ತೋರಣದಂಥ ದಾರಿಗಳಿವೆ. ಹಣಕ್ಕಾಗಿ ಒಪ್ಪಿಕೊಂಡ ಗುಂಪನ್ನು ಬೈಯಬೇಡಿ, ಐದು ವರ್ಷದ ನಂತರ ಕಂಬ ಹೇಗಿರುತ್ತದೆ ಎಂಬ ಚಿತ್ರ ಬರೆಸಿ.

ಅಂಕ 50: ಚಿತ್ರಕ್ಕೆ 20, ಕಣ್ಣಿಗೆ ಕಂಡ ಸಾಕ್ಷಿಗೆ 15, ಕೊಟೇಶನ್‌ಗೆ 15. ನಿಲುವಿಗೆ ಸೊನ್ನೆ. ಅಭಿಪ್ರಾಯಕ್ಕೆ ಅಂಕ ಇಟ್ಟಿರೋ, ‘ನಮ್ಮ ಸಂಸ್ಕೃತಿ ಶ್ರೇಷ್ಠ’ ಎಂಬ 24 ಪ್ರಬಂಧ ನಿಮ್ಮ ಮೇಜಿಗೆ ಬಂದು ಬೀಳುತ್ತವೆ.

ಕೊನೆಯ ಎರಡು ವಾರದಲ್ಲಿ ಕೊಟೇಶನ್ ತಿದ್ದಿ ಬರೆಸಿ, ಹಳೆಯದಕ್ಕೆ ಪಿನ್ ಮಾಡಿಸಿ. ಕೊನೆಯ ದಿನ ನಿಜವಾದ ದೇವಸ್ಥಾನ ಸಮಿತಿಯ ಒಬ್ಬರನ್ನೂ ಕಲ್ಲುಕೆಲಸದವರೊಬ್ಬರನ್ನೂ ಕರೆಸಿ. ಕೊಟೇಶನ್ ಒಪ್ಪಿಸಲು ಗುಂಪಿಗೆ ಹದಿನೈದು ನಿಮಿಷ, ಬಂದವರಿಗೆ ಬಸ್ ಖರ್ಚು, ಊಟ, ದಿನದ ಕೂಲಿ. ಪ್ರಶ್ನೆ ಕೇಳುವವರು ಅವರೇ ಆಗಲಿ.